ಇರಾಕ್ ಯುದ್ಧಕ್ಕೆ ವಿಶ್ವಸಂಸ್ಥೆ ಒಪ್ಪಿಗೆ ಕೊಟ್ಟಿತ್ತಾ? ಒಂದು ಸ್ಪಷ್ಟನೆ

‘2003ರ ಇರಾಕ್ ದಾಳಿ ಕಾನೂನುಬದ್ಧ, ಭದ್ರತಾ ಮಂಡಳಿಯೇ 15-0 ಮತಗಳಿಂದ ಒಪ್ಪಿತ್ತು’ ಎಂಬ ಮಾತು ಹರಿದಾಡುತ್ತಿದೆ. ಮತದ ಲೆಕ್ಕ ಸರಿ. ಉಳಿದದ್ದು ತಪ್ಪು.

ಆ ಮತ ಬಿದ್ದದ್ದು 2002ರ ನವೆಂಬರ್ 8ರಂದು, 1441ನೇ ನಿರ್ಣಯಕ್ಕೆ. ಶಸ್ತ್ರಾಸ್ತ್ರ ತಪಾಸಣೆಗೆ ಸಹಕರಿಸಲು ಅದು ಇರಾಕ್‌ಗೆ ಕೊನೆಯ ಅವಕಾಶ ಕೊಟ್ಟಿತು. ತಪ್ಪಿದರೆ ಪರಿಣಾಮ ಗಂಭೀರ ಎಂದೂ ಎಚ್ಚರಿಸಿತು. ಆದರೆ ದಾಳಿ ಮಾಡಬಹುದು ಎಂಬ ಸಾಲು ಅದರಲ್ಲಿ ಎಲ್ಲೂ ಇಲ್ಲ. ಇದರಿಂದ ತಾನಾಗಿಯೇ ಯುದ್ಧ ಶುರುವಾಗುವುದಿಲ್ಲ ಎಂದು ಅವತ್ತೇ ಸಭೆಯಲ್ಲಿ ಹೇಳಿದವರು ಅಮೆರಿಕದ ರಾಯಭಾರಿ ಜಾನ್ ನೆಗ್ರೊಪೊಂಟೆ!

ಒಪ್ಪಿಗೆ ಆಗಲೇ ಕೈಯಲ್ಲಿದ್ದರೆ ಅಮೆರಿಕ, ಬ್ರಿಟನ್, ಸ್ಪೇನ್ ಸೇರಿ ಇನ್ನೊಂದು ನಿರ್ಣಯದ ಕರಡು ಹಿಡಿದು ಓಡಾಡಿದ್ದೇಕೆ? ಬೆಂಬಲ ಸಾಲಲಿಲ್ಲ. ಫ್ರಾನ್ಸ್ ವಿಟೊ ಹಾಕಿ ತಡೆಯುತ್ತೇನೆ ಎಂದಿತು. 2003ರ ಮಾರ್ಚ್ 17ರಂದು ಕರಡನ್ನು ಮತಕ್ಕೂ ಹಾಕದೆ ಕೈಬಿಟ್ಟರು. 20ರಂದು ಬಾಗ್ದಾದ್ ಮೇಲೆ ಬಾಂಬ್ ಬಿತ್ತು.

ಅಮೆರಿಕ, ಬ್ರಿಟನ್ ಮುಂದಿಟ್ಟ ವಾದವೂ ಇದೆ. ಇರಾಕ್ ವಶದಿಂದ ಕುವೈತ್ ಬಿಡಿಸಲು 1990ರಲ್ಲಿ ಮಂಡಳಿಯ 678ನೇ ನಿರ್ಣಯ ಕೊಟ್ಟ ಬಲಪ್ರಯೋಗದ ಅನುಮತಿ, ಇರಾಕ್ ಕದನವಿರಾಮದ ಷರತ್ತು ಮುರಿದಿದ್ದರಿಂದ ಮತ್ತೆ ಜೀವ ಪಡೆಯಿತಂತೆ. ನನಗಂತೂ ಇದು ಸುಮ್ನೆ ಎಳೆದು ತಂದ ವಾದ. ಅನುಮತಿ ಕೊಟ್ಟಿದ್ದು ಮಂಡಳಿ, ಅದಕ್ಕೆ ಮತ್ತೆ ಜೀವ ಕೊಡಬೇಕಾದದ್ದೂ ಮಂಡಳಿಯೇ ಅಲ್ವಾ? ಬ್ರಿಟನ್ ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್‌ಶರ್ಸ್ಟ್ ಇದನ್ನೊಪ್ಪದೆ ಕೆಲಸವನ್ನೇ ಬಿಟ್ಟರು. 2004ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಕೂಡ, ಸಂಸ್ಥೆಯ ಮೂಲ ನಿಯಮಗಳಾದ ಸನ್ನದಿನ ಪ್ರಕಾರ ಈ ಯುದ್ಧ ಕಾನೂನುಬಾಹಿರ ಎಂದರು.

ಕೆಲವರು 1483ನೇ ನಿರ್ಣಯ ತೋರಿಸುತ್ತಾರೆ. ಅದು ದಾಳಿ ಮುಗಿದ ಮೇಲೆ, 2003ರ ಮೇ 22ರಂದು ಬಂದದ್ದು. ಅಲ್ಲಿ ಆಗಲೇ ಬೀಡುಬಿಟ್ಟಿದ್ದ ಸೇನೆಗಳ ಹೊಣೆ ಏನು ಎಂದು ಹೇಳುತ್ತದೆ, ದಾಳಿ ಸರಿ ಎಂದಲ್ಲ.