ಉಡುದಾರ ಬಿಗಿಯಾದ ಕಥೆ

ಈ ಯುಗಾದಿಗೆ ನಮ್ಮತ್ತೆ ನನ್ನ ಮಗನಿಗೆ ಹೊಸ ಉಡುದಾರ ಕಟ್ಟಲು ಕೂತರು. ಹಳೆಯದು ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿತ್ತು. ಗಂಟು ಬಿಚ್ಚಲಾಗದೆ ಕತ್ತರಿ ತರಬೇಕಾಯಿತು. ಸೊಂಟದ ಸುತ್ತ ಕೆಂಪು ಗೆರೆ. "ಮೈಕೈ ತುಂಬ್ಕೊಂಡಿದೆ ನನ್ನ ಕಂದ, ಯಾರ ಕಣ್ಣೂ ಬೀಳ್ದೇ ಇರ್ಲಿ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಅವನಿಗೆ ಹತ್ತು ವರ್ಷ. ಸುಳ್ಳು ಯಾಕೆ ಹೇಳಲಿ, ನಾನೂ ಹೆಮ್ಮೆಯಿಂದಲೇ ನೋಡುತ್ತಿದ್ದೆ.

ಅದಕ್ಕೂ ಮೊದಲೇ ಅವನ ಕತ್ತಿನ ಹಿಂಭಾಗ ಕಪ್ಪಾಗಿತ್ತು. ಕೊಳೆ ಅಂದುಕೊಂಡು ಪ್ರತಿ ಭಾನುವಾರ ಕಡಲೆಹಿಟ್ಟು ಹಾಕಿ ಉಜ್ಜಿದ್ದೇ ಉಜ್ಜಿದ್ದು. "ಅಮ್ಮಾ, ಉರಿ" ಎಂದು ಅತ್ತರೂ ಬಿಡಲಿಲ್ಲ. ಕೆಮ್ಮಿಗೆಂದು ಹೋದಾಗ ಮಕ್ಕಳ ಡಾಕ್ಟರು ಕಾಲರ್ ಸರಿಸಿ ನೋಡಿ, "ಇದನ್ನ ಉಜ್ಜಬೇಡಿ" ಎಂದರು. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದಂತೆ. ಆ ಭಾನುವಾರಗಳನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಬಿಪಿನೂ ನೋಡಿದರು. ಮಕ್ಕಳಿಗೆಂಥಾ ಬಿಪಿ ಎಂದೆ. ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ನೋಡಬೇಕು ಎಂದರು. ಮೊದಲು ಕಟ್ಟಿದ ಪಟ್ಟಿ ಬಿಚ್ಚಿ ದೊಡ್ಡದು ಕಟ್ಟಿದರು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದಂತೆ. ದೊಡ್ಡ ಪಟ್ಟಿಯಲ್ಲೂ ಅವನ ವಯಸ್ಸು, ಎತ್ತರಕ್ಕೆ ಸ್ವಲ್ಪ ಜಾಸ್ತಿಯೇ ಬಂತು.

ಹಾರ್ಟಿನ ತೊಂದರೆ ಅಂದರೆ ಐವತ್ತರ ಮೇಲಿನ ಮಾತು ಎಂದು ನಾವು ಸುಮ್ನೆ ಇರುತ್ತೇವೆ, ಅಲ್ವಾ? 1953ರಲ್ಲಿ ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷಿಸಿದ ವರದಿ ಬಂತು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲು ಹುಡುಗರ ಹೃದಯದ ರಕ್ತನಾಳದಲ್ಲಿ ಆಗಲೇ ಕಾಯಿಲೆಯ ಗುರುತು. ಆಮೇಲೆ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಾಲುಸಾ ಎಂಬ ಊರಿನಲ್ಲಿ ಡಾ. ಜೆರಾಲ್ಡ್ ಬೆರೆನ್‌ಸನ್ ಮಕ್ಕಳನ್ನೇ ವರ್ಷಗಟ್ಟಲೆ ಅಳೆಯುತ್ತಾ ಹೋದರು. ಹೆಚ್ಚಾಗಿ ಅಪಘಾತದಲ್ಲಿ ತೀರಿಕೊಂಡ ಮಕ್ಕಳು ಮತ್ತು ಯುವಕರ ರಕ್ತನಾಳಗಳನ್ನೂ ಪರೀಕ್ಷಿಸಿ 1998ರಲ್ಲಿ ಬರೆದರು. 2ರಿಂದ 15 ವರ್ಷದವರಲ್ಲೇ ಸುಮಾರು ಅರ್ಧ ಮಕ್ಕಳ ಹೃದಯದ ನಾಳದಲ್ಲಿ ಕೊಬ್ಬಿನ ಗೆರೆಗಳಿದ್ದವು. ತೂಕ, ಬಿಪಿ, ಕೊಲೆಸ್ಟ್ರಾಲ್ ಇವು ಒಟ್ಟಿಗೆ ಸೇರಿದಷ್ಟೂ ಗೆರೆ ಜಾಸ್ತಿ. ಗೆರೆ ಅಂದರೆ ಬ್ಲಾಕ್ ಅಲ್ಲ, ಗಾಬರಿ ಬೇಡ. ಆದರೆ ಶುರುವಾಗುವುದು ಅಲ್ಲಿಂದಲೇ.

ನಮ್ಮ ಮೈಸೂರಿನ ಕಥೆ ನನಗೆ ಇನ್ನೂ ಹತ್ತಿರದ್ದು. ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಹಳೇ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿ 1996ರಲ್ಲಿ ವರದಿ ಬರೆದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. ಮೂರು ಕೆಜಿಗಿಂತ ಮೇಲಿದ್ದವರಲ್ಲಿ 3. ಉಲ್ಟಾ ಅನಿಸಲ್ವಾ? ನಮ್ಮ ಕಡೆ ಮಗು ಹುಟ್ಟುವಾಗ ಸಣ್ಣ, ಆದರೂ ಒಳಗೆ ಕೊಬ್ಬು ಜಾಸ್ತಿ. ಅಂಥ ಮಗುವಿಗೆ "ಮೈ ಹಿಡೀಲಿ" ಎಂದು ತುಪ್ಪ, ಸಕ್ಕರೆ, ಬಿಸ್ಕತ್ತು ತುರುಕುತ್ತೇವೆ. ಎತ್ತರ ಬೆಳೆಯುವುದಕ್ಕಿಂತ ಹೊಟ್ಟೆ ಬೇಗ ಬೆಳೆಯುತ್ತದೆ. ನನ್ನ ಮಗ ಹುಟ್ಟುವಾಗ 2.3 ಕೆಜಿ. ತುರುಕಿದವಳು ನಾನೇ.

2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎಷ್ಟು ದೊಡ್ಡ ಕ್ಯೂ ನಿಂತಿತ್ತು, ನೆನಪಿದೆಯಾ? ನಮ್ಮ ಓಣಿಯಿಂದಲೂ ನಾಲ್ಕೈದು ಜನ ಇಸಿಜಿ ಮಾಡಿಸಿಕೊಂಡು ಬಂದರು. ಬರುವಾಗ ಮಕ್ಕಳಿಗೆಂದು ಬೇಕರಿಯಲ್ಲಿ ಪಫ್ಸು, ಜ್ಯೂಸು ಕಟ್ಟಿಸಿಕೊಂಡೇ ಬಂದರು.

ಡಾಕ್ಟರು ಒಂದು ಸುಲಭದ ಅಳತೆ ಹೇಳಿಕೊಟ್ಟರು. ಮಗುವಿನ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ. ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಒಂದಕ್ಕೊಂದು ಮುಟ್ಟಬೇಕು. ಮುಟ್ಟದಿದ್ದರೆ ಹೊಟ್ಟೆಯ ಕೊಬ್ಬು ಜಾಸ್ತಿ. ನಮ್ಮವನಿಗೆ ನಾಲ್ಕು ಬೆರಳು ಸಾಲದೆ ಬಂತು.

ಬೈಯ್ಯಬೇಡಿ, "ಡುಮ್ಮ" ಅನ್ನಬೇಡಿ ಎಂದೂ ಹೇಳಿದರು. ಅವನ ಮಾವನೇ ಹಾಗೆ ಕರೆಯುವುದು. ಪ್ರೀತಿಗೇ ಅನ್ನಿ, ಆದರೆ ಆಮೇಲಾಮೇಲೆ ಹುಡುಗ ಟೀ ಶರ್ಟ್ ಎಳೆದುಕೊಂಡೇ ಕೂರತೊಡಗಿದ್ದ. ಅವನೊಬ್ಬನಿಗೆ ಪಥ್ಯ ಮಾಡಿಸಿ ನಾವು ಬೋಂಡ ತಿಂದರೆ ಆಗುತ್ತಾ? ಮನೆಗೇ ಬೇಕರಿ ತಿಂಡಿ ನಿಲ್ಲಿಸಿದೆವು. ಸಂಜೆ ಟ್ಯೂಷನ್ ಬಿಡಿಸಿದೆ. ಇದಕ್ಕೆ ಮಾತ್ರ ಮನೆಯಲ್ಲಿ ಯುದ್ಧವೇ ಆಯಿತು. ಈಗ ಕತ್ತಲಾಗುವವರೆಗೂ ಸೈಕಲ್ಲು, ಲಗೋರಿ.

ನನಗೆ ಧೈರ್ಯ ಬಂದಿದ್ದು 2011ರ ಒಂದು ಅಧ್ಯಯನ ಓದಿ. ಅಮೆರಿಕ, ಫಿನ್ಲೆಂಡ್, ಆಸ್ಟ್ರೇಲಿಯಾದ ಆರು ಸಾವಿರಕ್ಕೂ ಹೆಚ್ಚು ಜನರನ್ನು ಚಿಕ್ಕಂದಿನಿಂದ ದೊಡ್ಡವರಾಗುವವರೆಗೆ ನೋಡಿದ್ದರು. ಚಿಕ್ಕಂದಿನಲ್ಲಿ ದಪ್ಪಗಿದ್ದು ದೊಡ್ಡವರಾಗುವಾಗ ಬೊಜ್ಜು ಕಳೆದುಕೊಂಡವರಿಗೆ ಸಕ್ಕರೆ ಕಾಯಿಲೆ, ಬಿಪಿಯ ಅಪಾಯ ಎಂದೂ ದಪ್ಪಗಿಲ್ಲದವರಷ್ಟೇ ಇತ್ತು.

ಮೊನ್ನೆ ಮತ್ತೆ ದಾರ ಹಿಡಿದೆವು. ಎರಡು ಇಂಚು ಎತ್ತರ ಆಗಿದ್ದಾನೆ. ತುದಿಗಳ ನಡುವೆ ಈಗ ಒಂದೇ ಬೆರಳು ಜಾಗ. ಉಡುದಾರ ಜಾರುತ್ತಿರುವುದನ್ನು ನೋಡಿದ ಅತ್ತೆ "ಅಯ್ಯೋ, ಮಗು ಸೊರಗಿಹೋಯ್ತು" ಎಂದು ಅವನ ಹಾಲಿಗೆ ಸಕ್ಕರೆ ಡಬ್ಬಿ ಎತ್ತಿಕೊಂಡಿದ್ದರು. ಅವನೇ ಲೋಟಕ್ಕೆ ಕೈ ಅಡ್ಡ ಇಟ್ಟ.