ಟಿಫಿನ್ ಕ್ಯಾರಿಯರ್ ಹೋದರೆ ಹೋಗಲಿ

ನಿನ್ನೆ ನಮ್ಮ ಅಪಾರ್ಟ್‌ಮೆಂಟಿನ ರಸಪ್ರಶ್ನೆಯಲ್ಲಿ ಜಗಳವಾಡಿ ಬಂದೆ. ನನ್ನನ್ನು ಬಲ್ಲವರಿಗೆ ಇದೇನೂ ಹೊಸ ಸುದ್ದಿಯಲ್ಲ. ‘ಅತಿ ಎತ್ತರದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದವರು ಯಾರು?’ ಎಂದು ಕೇಳಿದರು. ‘ಅಲನ್ ಯೂಸ್ಟೇಸ್’ ಎಂದೆ. ತಪ್ಪಂತೆ! ಮೇಲಿನ ಮನೆಯವರು ‘ಫೆಲಿಕ್ಸ್ ಬೌಮ್‌ಗಾರ್ಟ್ನರ್’ ಎಂದರು, ಚಪ್ಪಾಳೆ ಬಿತ್ತು.

ಸ್ವಾಮಿ, ಫೆಲಿಕ್ಸ್ ಜಿಗಿದದ್ದು 2012ರಲ್ಲಿ, ಸುಮಾರು 39 ಕಿಲೋಮೀಟರ್ ಎತ್ತರದಿಂದ. 2014ರ ಅಕ್ಟೋಬರ್ 24ರಂದು ಅದೇ ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ, 57 ವರ್ಷದ ಯೂಸ್ಟೇಸ್ 41.4 ಕಿಲೋಮೀಟರಿನಿಂದ ಜಿಗಿದರು. ಆಗ ಅವರು ಗೂಗಲ್‌ನ ಹಿರಿಯ ಉಪಾಧ್ಯಕ್ಷರು. ಜಗತ್ತಿಗೇ ಎಲ್ಲವನ್ನೂ ಹುಡುಕಿಕೊಡುವ ಕಂಪನಿಯವರು ನಮ್ಮ ರಸಪ್ರಶ್ನೆಯವರ ಕಣ್ಣಿಗೆ ಬೀಳಲಿಲ್ಲ, ನೋಡಿ.

ಫೆಲಿಕ್ಸ್‌ಗಾದರೂ ಕೂರಲು ಕ್ಯಾಪ್ಸೂಲ್ ಇತ್ತು. ಇವರು ಗಗನಯಾತ್ರಿಗಳಂಥ ಉಡುಪು ತೊಟ್ಟು, ಹೀಲಿಯಂ ಬಲೂನಿನ ಕೆಳಗೆ ಬಾಳೆಗೊನೆಯ ಹಾಗೆ ನೇತಾಡುತ್ತ ಎರಡು ತಾಸು ಮೇಲೇರಿದರು. ಉಡುಪಿನೊಳಗೆ ಮೈ ಬಿಸಿಯೇರಬಾರದೆಂದು ರೇಡಿಯೋ ಗುಂಡಿ ಒತ್ತಲೂ ಕೈ ಎತ್ತುತ್ತಿರಲಿಲ್ಲ. ಕೆಳಗಿನಿಂದ ಏನಾದರೂ ಕೇಳಿದರೆ ಒಂದು ಕಾಲನ್ನು ತುಸು ಅಲ್ಲಾಡಿಸುವುದು. ಮೇಲಿದ್ದ ಕ್ಯಾಮೆರಾದಲ್ಲಿ ಅದನ್ನು ಕಂಡು ಕೆಳಗಿನವರು ಸಮಾಧಾನಪಡುವುದು. ಅಷ್ಟು ದೊಡ್ಡ ಅಧಿಕಾರಿ ಅಷ್ಟು ಎತ್ತರದಲ್ಲಿ ತೊಟ್ಟಿಲ ಕೂಸಿನಂತೆ ಕಾಲಾಡಿಸುತ್ತಿದ್ದುದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಆಮೇಲೆ ಕೊಂಡಿ ಕಳಚಿತು. ಶಬ್ದಕ್ಕಿಂತ ವೇಗವಾಗಿ ಬಿದ್ದರು. ಶಬ್ದದ ವೇಗ ಮೀರಿದಾಗ ಆಗುವ ಸ್ಫೋಟದಂಥ ಸದ್ದು ನೆಲದಲ್ಲಿದ್ದವರಿಗೂ ಕೇಳಿಸಿತು.

ಹಾಗಿದ್ದೂ ಹೆಸರು ಯಾಕೆ ಗೊತ್ತಿಲ್ಲ? ಅವರು ಡಂಗುರ ಹೊಡೆಸಲಿಲ್ಲ, ಅಷ್ಟೇ. ಸುಮಾರು ಮೂರು ವರ್ಷ ಗುಟ್ಟಾಗಿ ಸಿದ್ಧತೆ ನಡೆಸಿದರು. ಕಂಪನಿಯೇ ಹಣ ಕೊಡಲು ಬಂದರೂ, ಇದು ಜಾಹೀರಾತಾಗಿಬಿಟ್ಟೀತೆಂದು ಒಲ್ಲೆನೆಂದರು. ಕುಮಾರ ಪರ್ವತವನ್ನು ಅರ್ಧ ಹತ್ತಿ, ಅನ್ನ ಸಾರು ಉಂಡು ಇಳಿದುಬಂದು ಇದೇ ಫೇಸ್‌ಬುಕ್ ಗೋಡೆಯ ಮೇಲೆ ಒಂಬತ್ತು ಫೋಟೊ ಹಾಕಿದ ನನಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ.

‘ವೇಗದ ದಾಖಲೆ ಫೆಲಿಕ್ಸ್‌ನದೇ ಅಲ್ಲವೇ?’ ಎಂದು ಮೇಲಿನ ಮನೆಯವರು ವಾದಿಸಿದರು. ಹೌದು, ಗಂಟೆಗೆ 1,357 ಕಿಲೋಮೀಟರ್. ಯೂಸ್ಟೇಸ್ ಗಿರಗಿರನೆ ತಿರುಗದಿರಲೆಂದು ಸಣ್ಣದೊಂದು ಪ್ಯಾರಾಚೂಟ್ ಬಿಚ್ಚಿಕೊಂಡಿದ್ದರು, ಹಾಗಾಗಿ ಕೊಂಚ ಕಡಿಮೆ. ಆದರೆ ಕೇಳಿದ್ದು ವೇಗವನ್ನೋ ಎತ್ತರವನ್ನೋ? ಕಳೆದ 2025ರಲ್ಲಿ ತೀರಿಕೊಂಡ ಫೆಲಿಕ್ಸ್ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಉತ್ತರದ ಚೀಟಿ ಬರೆದವರ ಮೇಲೆ.

ನಿಜ ಹೇಳಬೇಕೆಂದರೆ, ಫೆಲಿಕ್ಸ್ ಜಿಗಿದಾಗ ಭಾನುವಾರ ನಡುರಾತ್ರಿಯವರೆಗೆ ನಿದ್ದೆಗೆಟ್ಟು ನೇರಪ್ರಸಾರ ನೋಡಿದವನು ನಾನು. ಯೂಸ್ಟೇಸ್ ಜಿಗಿದಾಗ ಇಲ್ಲಿ ಬಲಿಪಾಡ್ಯಮಿಯ ರಾತ್ರಿ. ಮಗನ ಜೊತೆ ಪಟಾಕಿ ಹಚ್ಚುತ್ತಿದ್ದೆ. ಸುದ್ದಿ ಕಂಡದ್ದು ಆಮೇಲೆ, ಪತ್ರಿಕೆಯ ಒಳಪುಟದಲ್ಲಿ, ಅಂಗೈಯಗಲದಷ್ಟು.

ಬಹುಮಾನ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್. ಇವತ್ತು ಬೆಳಿಗ್ಗೆ ಮೇಲಿನ ಮನೆಯವರು ಅದನ್ನು ಕೈಯಲ್ಲಿ ಹಿಡಿದೇ ಲಿಫ್ಟ್‌ನಲ್ಲಿ ಬಂದರು. ನಾನು ಮೆಟ್ಟಿಲಿಳಿದು ಹೋದೆ.