ಆ ಮಗು ಮೊಸಳೆ ನೋಡುತ್ತಿತ್ತು, ಬಿಡಬೇಕಿತ್ತು

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ತಮ್ಮ ಇದನ್ನು ಓದುತ್ತಾನೆ ಎಂದು ಗೊತ್ತು, ಓದಲಿ. ಹೇಳಬೇಕಾದದ್ದನ್ನು ಅಂದೇ ಕಾರಿನಲ್ಲಿ ಹೇಳಿದ್ದೇನೆ. ಅವನು ಕೇಳಿಸಿಕೊಂಡೂ ಕೆಆರ್‌ಎಸ್ ಕಡೆಗೆ ಕಾರು ತಿರುಗಿಸಿದ.

ಮೈಸೂರಿನಲ್ಲಿ ಮನೆ ಇರುವವರಿಗೆಲ್ಲ ಇದರ ಅನುಭವವಿದೆ. ರಜೆ ಬಂದರೆ ಬೆಂಗಳೂರಿನ ನೆಂಟರು ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುತ್ತಾರೆ. ಬರಲಿ, ನೆಂಟರು ಬಂದರೆ ನನಗೆ ಸಂತೋಷವೇ. ಅವರ ಜೊತೆ ಊರು ಸುತ್ತುವುದೂ ಇಷ್ಟವೇ. ನನಗೆ ಸಹಿಸಲಾಗದಿರುವುದು ಆ ಒಂದು ದಿನದಲ್ಲಿ ಮಕ್ಕಳನ್ನು ನಡೆಸಿಕೊಳ್ಳುವ ರೀತಿ. ಪ್ರವಾಸ ಯಾರಿಗಾಗಿ ಎಂದು ಕೇಳಿದರೆ ಎಲ್ಲರೂ ಹೇಳುವುದು, "ಮಕ್ಕಳಿಗೋಸ್ಕರ." ಮಗು ಏನನ್ನು ನೋಡುತ್ತಿದೆ ಎಂದು ಮಾತ್ರ ದಿನವಿಡೀ ಒಬ್ಬರೂ ತಿರುಗಿ ನೋಡುವುದಿಲ್ಲ.

ಮೊನ್ನೆ ಬಂದವರು ತಮ್ಮ, ನಾದಿನಿ, ನಾದಿನಿಯ ತಂದೆ ತಾಯಿ, ಮತ್ತು ಎರಡನೇ ತರಗತಿಯಲ್ಲಿ ಓದುತ್ತಿರುವ ಪುಟ್ಟಿ. ತಮ್ಮ ಪಟ್ಟಿ ಮಾಡಿಕೊಂಡೇ ಬಂದಿದ್ದ: ರಂಗನತಿಟ್ಟು, ದರಿಯಾ ದೌಲತ್, ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ.

ರಂಗನತಿಟ್ಟಿನಿಂದ ಆರಂಭಿಸಿದೆವು. ಕಾವೇರಿಗೆ ಹದಿನೇಳನೇ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಅಲ್ಲಿ ನಡುಗಡ್ಡೆಗಳಾದವು, ಹಕ್ಕಿಗಳು ಬಂದು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಮೈಸೂರಿನ ಮಹಾರಾಜರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. ಇದನ್ನೆಲ್ಲ ದೋಣಿಗೆ ಕಾಯುವಾಗ ನಾನೇ ಪುಟ್ಟಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಮುಂದೆ ಕುಳಿತವರ ಕೊಡೆಯ ತುದಿಯಲ್ಲಿ ಒಂದು ಜೇಡ ಇಳಿಯುತ್ತಿತ್ತು, ಅದನ್ನು ನೋಡುತ್ತಿದ್ದಳು.

ದೋಣಿ ಸ್ವಲ್ಪ ದೂರ ಹೋದ ಮೇಲೆ ಬಂಡೆಯ ಮೇಲೆ ಮೊಸಳೆ ಕಂಡಿತು. ಬಾಯಿ ಅಗಲವಾಗಿ ತೆರೆದುಕೊಂಡು, ಕಲ್ಲಿಗೆ ಅಂಟಿಕೊಂಡಂತೆ ಬಿದ್ದಿತ್ತು. ದೋಣಿಯಲ್ಲಿದ್ದ ಎಲ್ಲರ ಮೊಬೈಲ್‌ಗಳೂ ಮೇಲೆದ್ದವು. ಪುಟ್ಟಿ ನನ್ನ ಕಿವಿಯಲ್ಲಿ ಕೇಳಿದಳು: "ಅತ್ತೆ, ಅದಕ್ಕೆ ಬಾಯಿ ನೋಯುವುದಿಲ್ಲವೇ?" ಹುಟ್ಟು ಹಾಕುತ್ತಿದ್ದವರಿಗೆ ಅದು ಕೇಳಿಸಿತು. ಬಿಸಿಲಿಗೆ ಮೈ ಕಾದಾಗ ಮೊಸಳೆ ಬಾಯಿ ತೆರೆದಿಟ್ಟು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ ಎಂದು ಅವರು ವಿವರಿಸಿದರು. ಪುಟ್ಟಿ ಕೂಡಲೇ ತಾನೂ ಬಾಯಿ ತೆರೆದು, ಮುಖವನ್ನು ಬಿಸಿಲಿಗೆ ಕೊಟ್ಟು ಕುಳಿತಳು. ಆಮೇಲೆ ಬಾಯಿ ಮುಚ್ಚಿ ನೋಡಿದಳು. ಮತ್ತೆ ತೆರೆದಳು. ಒಳಗೆ ತಂಪಾಗುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ನಾದಿನಿ, "ಬಾಯಿ ಮುಚ್ಚು, ಫೋಟೋದಲ್ಲಿ ಹಾಗೇ ಬೀಳುತ್ತೀಯ" ಎಂದು ಗದರಿದಳು.

ದೋಣಿ ಇಳಿದ ಮೇಲೆ ದಡದ ದಾರಿಯಿಂದ ಆ ಬಂಡೆ ದೂರದಲ್ಲಿ ಕಾಣುತ್ತಿತ್ತು. ಪುಟ್ಟಿ ಅಲ್ಲಿಯೇ ನಿಂತುಬಿಟ್ಟಳು. "ಅದು ಬಾಯಿ ಮುಚ್ಚುವವರೆಗೆ ಇರೋಣ" ಎಂದಳು. ಅವಳು ಕೇಳಿದ್ದು ಅಷ್ಟೇ. ಐಸ್‌ಕ್ರೀಮ್ ಕೇಳಲಿಲ್ಲ, ಆಟಿಕೆ ಕೇಳಲಿಲ್ಲ. ತಮ್ಮ ಗಡಿಯಾರ ನೋಡಿ, "ಮೃಗಾಲಯದಲ್ಲಿ ಇದಕ್ಕಿಂತ ದೊಡ್ಡ ಮೊಸಳೆ ಇದೆ, ನಡಿ" ಎಂದು ಕೈ ಹಿಡಿದು ಎಳೆದ. ಅವಳು ಅತ್ತಳು. ಅತ್ತದ್ದಕ್ಕೆ ಹಠಮಾರಿ ಎನ್ನಿಸಿಕೊಂಡಳು.

ನನ್ನ ಸಿಟ್ಟು ಹತ್ತಿದ್ದು ಅಲ್ಲಿ. ಒಂದು ಮಗು ಒಂದು ಪ್ರಾಣಿಯನ್ನು ನೋಡಿ, ಪ್ರಶ್ನೆ ಕೇಳಿ, ಉತ್ತರ ಪಡೆದು, ಆ ಉತ್ತರವನ್ನು ತನ್ನ ಬಾಯಿಯಲ್ಲೇ ಪರೀಕ್ಷಿಸಿ, ಇನ್ನು ಮುಂದೆ ಏನಾಗುತ್ತದೆ ಎಂದು ಕಾಯಲು ಸಿದ್ಧವಾಗಿ ನಿಂತಿದೆ. ನಾವು ಶಾಲೆಯಲ್ಲಿ ಮೇಜು ಕುಟ್ಟಿ ಕುಟ್ಟಿ ಇದನ್ನೇ ಕಲಿಸಲು ಒದ್ದಾಡುತ್ತೇವೆ. ಇಲ್ಲಿ ಅದು ತಾನಾಗಿ ಬಂದಿತ್ತು. ಅದನ್ನು ಪಟ್ಟಿಯ ಮುಂದಿನ ಹೆಸರಿಗಾಗಿ ಕತ್ತರಿಸಿ ಹಾಕಿದೆವು. ದೊಡ್ಡ ಮೊಸಳೆಯಂತೆ! ಮಗುವಿಗೆ ಬೇಕಾಗಿದ್ದುದು ಆ ಮೊಸಳೆ, ಅದರ ಆ ಬಾಯಿ.

ದರಿಯಾ ದೌಲತ್‌ನಲ್ಲಿಯೂ ಇದೇ ಆಯಿತು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ ಕಟ್ಟಿದ ಆ ಬೇಸಿಗೆ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ದೊಡ್ಡವರು ಚಾವಣಿ, ಕಂಬ, ಕಮಾನುಗಳನ್ನು ನೋಡುತ್ತಾರೆ. ಆದರೆ ಚಿತ್ರದ ಕುದುರೆಗಳು, ಬಿದ್ದವರು, ಓಡುವವರು ಮಗುವಿನ ಕಣ್ಣಿಗೆ ಬೇಗ ಸಿಗುತ್ತಾರೆ. ಸೋತ ಇಂಗ್ಲಿಷ್ ಸೇನಾಧಿಕಾರಿ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. "ಇಷ್ಟು ಜನ ಹೊಡೆದಾಡುವಾಗ ಇವನು ಯಾಕೆ ಕುಳಿತಿದ್ದಾನೆ? ಯಾಕೆ ಬೆರಳು ಕಚ್ಚುತ್ತಿದ್ದಾನೆ?" ಎಂದು ಪುಟ್ಟಿ ಕೇಳಿದಳು. ಇದಕ್ಕಿಂತ ಒಳ್ಳೆಯ ಇತಿಹಾಸದ ಪ್ರಶ್ನೆ ಯಾವುದಿದೆ? ನಾನು ಉತ್ತರ ಶುರು ಮಾಡುವಷ್ಟರಲ್ಲಿ ಹೊರಗಿನಿಂದ ಕಾರಿನ ಹಾರ್ನ್.

ಮೃಗಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1892ರಿಂದ ಇರುವ, ಜನ ಇಡೀ ದಿನ ಕಳೆದರೂ ಮುಗಿಯದ ಜಾಗವನ್ನು ನಾವು ಓಡಿಕೊಂಡು ದಾಟಿದೆವು. ಪುಟ್ಟಿ ಅಲ್ಲಿ ಮೊಸಳೆಯನ್ನು ನೋಡಲೂ ಇಲ್ಲ, ಅಷ್ಟರಲ್ಲಿ ಅವಳ ಕಾಲು ಸೋತಿತ್ತು.

ಅರಮನೆಯಲ್ಲಿ ಒಂದು ಕೆಲಸ ಮಾಡಿದೆ. ನೀವೂ ಮಾಡಿ ನೋಡಿ ಎಂದು ನಿಜವಾಗಿ ಕೇಳಿಕೊಳ್ಳುತ್ತೇನೆ. ಜನಸಂದಣಿ ಇದ್ದ ಕಡೆ ಪುಟ್ಟಿಯ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಅವಳ ಕಣ್ಣಿನ ಎತ್ತರದಿಂದ ನೋಡಿದೆ. ಬೆಲ್ಟುಗಳು, ವ್ಯಾನಿಟಿ ಬ್ಯಾಗುಗಳು, ಸೀರೆಯ ಸೆರಗುಗಳು, ನೀರಿನ ಬಾಟಲಿಗಳು. ಅರಮನೆ ಎಲ್ಲಿಯೂ ಇಲ್ಲ. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಕಟ್ಟಡ ಇದು ಎಂದು ಮಾರ್ಗದರ್ಶಿಯೊಬ್ಬರು ಗಟ್ಟಿಯಾಗಿ ಹೇಳುತ್ತಿದ್ದರು. ಚಿನ್ನದ ಅಂಬಾರಿ 750 ಕಿಲೋ ತೂಕದ್ದು ಎಂದೂ ಹೇಳಿದರು. ನನ್ನ ಪಕ್ಕದಲ್ಲಿದ್ದ ಮಗುವಿಗೆ ಆ ಹೊತ್ತಿನಲ್ಲಿ ಕಂಡದ್ದು ಯಾರೋ ಒಬ್ಬರ ಬೆನ್ನು. ಕಲ್ಯಾಣ ಮಂಟಪಕ್ಕೆ ಬಂದಾಗ ಎಲ್ಲರೂ ತಲೆಯೆತ್ತಿ ಬಣ್ಣದ ಗಾಜಿನ ಚಾವಣಿ ನೋಡುತ್ತಿದ್ದರು. ಪುಟ್ಟಿ ನೆಲ ನೋಡಿ, "ಇಲ್ಲಿಯೂ ನವಿಲು ಇದೆ!" ಎಂದು ಕೂಗಿದಳು. ಹೌದು, ನೆಲದಲ್ಲಿ ನವಿಲುಗಳಿವೆ. ಜನ ಅವುಗಳ ಸುತ್ತಲೇ ಓಡಾಡುತ್ತಿದ್ದರು. ನಮ್ಮ ಗುಂಪಿನಲ್ಲಿ ಅವನ್ನು ಗಮನಿಸಿದವಳು ಅವಳೊಬ್ಬಳೇ. ಆ ಸಂತೋಷವನ್ನು ಹಂಚಿಕೊಳ್ಳಲು ಅಪ್ಪ ಅಮ್ಮನನ್ನು ಹುಡುಕಿದಳು, ಅವರು ಆಗಲೇ ಮುಂದಿನ ಕೋಣೆಯಲ್ಲಿದ್ದರು.

ಬೆಟ್ಟದಲ್ಲಿ ದರ್ಶನದ ಸರತಿ. ಅಲ್ಲಿಂದ ಕೆಆರ್‌ಎಸ್. ಸಂಗೀತ ಕಾರಂಜಿ ಆರಂಭವಾದಾಗ ಪುಟ್ಟಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಿದರು. ನಿದ್ದೆಯಲ್ಲಿದ್ದ ಮಗುವನ್ನು ಅಲುಗಾಡಿಸಿ, "ನೋಡು, ನೋಡು, ನಿನಗಾಗಿಯೇ ಬಂದದ್ದು" ಎಂದರು! ಆ ಮಾತಿಗೆ ನನಗೆ ಬಂದ ಕೋಪವನ್ನು ಇಲ್ಲಿ ಬರೆದು ಮುಗಿಸಲು ಆಗುವುದಿಲ್ಲ.

ಎರಡು ದಿನ ಬಿಟ್ಟು ಫೋನ್ ಮಾಡಿದಳು. ಅರಮನೆ, ಬೆಟ್ಟ, ಕಾರಂಜಿ ಯಾವುದರ ಮಾತೂ ಇಲ್ಲ. "ಅತ್ತೆ, ಆ ಮೊಸಳೆ ಆಮೇಲೆ ಬಾಯಿ ಮುಚ್ಚಿತೇ?"

ಶಾಲೆಯಲ್ಲಿ ಮಕ್ಕಳ ನಡುವೆಯೇ ನನ್ನ ಬದುಕು ಕಳೆದಿರುವುದು ನಿಮಗೆ ಗೊತ್ತಿದೆ. ದಸರಾ ರಜೆ ಮುಗಿದ ಮೇಲೆ "ನಾನು ಮಾಡಿದ ಪ್ರವಾಸ" ಎಂಬ ಪ್ರಬಂಧ ಪ್ರತಿ ವರ್ಷ ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಎದ್ದೆವು, ಸ್ನಾನ ಮಾಡಿದೆವು, ಅಲ್ಲಿಗೆ ಹೋದೆವು, ಅಲ್ಲಿಂದ ಇಲ್ಲಿಗೆ ಹೋದೆವು, ಊಟ ಮಾಡಿದೆವು, ರಾತ್ರಿ ಮನೆಗೆ ಬಂದೆವು, ತುಂಬಾ ಖುಷಿಯಾಯಿತು. ಹೆಸರು ಮುಚ್ಚಿದರೆ ಯಾವ ಮಗು ಬರೆದದ್ದು ಎಂದು ಹೇಳಲಾಗದು. ಅದೇ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳಬೇಕು. ಬೆಟ್ಟದ ಮೇಲೆ ಕೋತಿ ಅಜ್ಜಿಯ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಸಿಪ್ಪೆಯನ್ನು ಅಜ್ಜಿಯ ಎದುರಿಗೇ ಸುಲಿದದ್ದು, ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಓಡಿದ್ದು, ದೊಡ್ಡಪ್ಪ ಕಾರಿನಲ್ಲಿ ವಾಂತಿ ಮಾಡಿಕೊಂಡದ್ದು, ಎಲ್ಲವೂ ಹೊರಗೆ ಬರುತ್ತದೆ. ಮಗು ಮಾಡಿದ ಪ್ರವಾಸ ಅದು. ಪುಸ್ತಕದಲ್ಲಿ ಬರೆದದ್ದು ನಾವು ಮಾಡಿಸಿದ ಪ್ರವಾಸ.

2023ರಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಓಟ ಇನ್ನೂ ಹೆಚ್ಚಾಗಿದೆ. ದಾರಿಯ ಸಮಯ ಉಳಿಯಿತು ಎನ್ನುತ್ತಾರೆ, ಉಳಿದ ಸಮಯಕ್ಕೆ ಇನ್ನೊಂದು ಜಾಗವನ್ನು ಸೇರಿಸುತ್ತಾರೆ. ಉಳಿಸಿದ ಹೊತ್ತಿನಲ್ಲಿ ಮೊಸಳೆಯ ಮುಂದೆ ನಿಂತವರನ್ನು ನಾನಿನ್ನೂ ಕಂಡಿಲ್ಲ. ಮಕ್ಕಳಿಗೆ ಆ ದಾರಿಯೇ ಪ್ರವಾಸದ ಅರ್ಧ ಭಾಗವಾಗಿತ್ತು ಎಂಬುದನ್ನೂ ಮರೆತಿದ್ದಾರೆ. ಈಗ ಕಾರು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪಕ್ಕದಿಂದ ಹಾಯ್ದುಹೋಗುತ್ತದೆ. ಮದ್ದೂರು ವಡೆ ಇಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವುದನ್ನು ಒಮ್ಮೆ ಮಕ್ಕಳಿಗೆ ತೋರಿಸಿ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಸುತ್ತ ಬಳಿದುಕೊಳ್ಳುತ್ತದೆ, ಒಂದು ಉಸಿರಿನಲ್ಲಿ ಬಿಳಿಯ ಮರ ಕೆಂಪಾಗುತ್ತದೆ. ಇದನ್ನು ನೋಡಿದ ಮಗು ಅಲ್ಲಿಂದ ಕದಲುವುದಿಲ್ಲ. ಅಷ್ಟಕ್ಕೇ ಆ ದಿನದ ಪ್ರವಾಸ ಮುಗಿಸಿ ಮನೆಗೆ ತಿರುಗಿದರೂ ನಷ್ಟವೇನೂ ಇಲ್ಲ.

ಈಗ ತಮ್ಮನ ವಾದಕ್ಕೆ ಬರುತ್ತೇನೆ. "ಅಕ್ಕ, ನಿನಗೇನು, ಊರಲ್ಲೇ ಇದ್ದೀಯ. ನಮಗೆ ವಾರಕ್ಕೆ ಒಂದು ರಜೆ. ಪೆಟ್ರೋಲು, ಟೋಲು, ಟಿಕೆಟ್ಟು ಎಲ್ಲ ಖರ್ಚು ಮಾಡಿ ಬಂದು ಒಂದೇ ಜಾಗ ನೋಡಿ ಹೋಗುವುದೇ? ಮಾವನವರಿಗೆ ಬೆಟ್ಟಕ್ಕೆ ಹೋಗಬೇಕಿತ್ತು, ವಯಸ್ಸಾದವರು." ಮಾವನವರ ಮಾತು ಒಪ್ಪುತ್ತೇನೆ. ಹಿರಿಯರು ತಾಯಿ ಚಾಮುಂಡಿಯ ದರ್ಶನ ಬಯಸಿದರೆ ಮಾಡಿಸಲೇಬೇಕು. ಅದಕ್ಕೆ ಎಲ್ಲರೂ ಒಟ್ಟಿಗೆ ಹೋಗಬೇಕೆಂದು ಎಲ್ಲಿದೆ? ಅವರನ್ನು ನೀನು ಕರೆದುಕೊಂಡು ಹೋಗು, ಮಗುವನ್ನು ನನ್ನ ಜೊತೆ ನದಿಯ ದಡದಲ್ಲಿ ಬಿಡು. ಇನ್ನು ಖರ್ಚಿನ ಮಾತು ನನ್ನ ತಲೆಗೆ ಹೋಗುವುದಿಲ್ಲ. ಮಗು ನೋಡಿದ್ದಕ್ಕೆ ದುಡ್ಡು ಸಾರ್ಥಕವಾಯಿತೋ, ನೋಡದೆ ದಾಟಿದ್ದಕ್ಕೆ ಸಾರ್ಥಕವಾಯಿತೋ? ನಾಲ್ಕು ಕಡೆ ಟಿಕೆಟ್ ಕೊಂಡು ನಾಲ್ಕು ಕಡೆಯೂ ಬೆನ್ನುಗಳನ್ನು ತೋರಿಸಿದರೆ ಅದೇ ದುಂದುಗಾರಿಕೆ.

ಇದನ್ನು ತಮ್ಮನಿಗೆ ನಾನು ಕಲಿಸಬೇಕಾಗಿಲ್ಲ ಎಂಬುದೇ ನನ್ನ ಸಂಕಟ. ಅವನಿಗೆ ಗೊತ್ತಿದೆ. ನಾವು ಚಿಕ್ಕವರಿದ್ದಾಗ ಅಪ್ಪ ನಮ್ಮನ್ನು ಕಾವೇರಿಗೆ ಒಡ್ಡು ಕಟ್ಟಿರುವ ಬಲಮುರಿಗೆ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಬಿಟ್ಟುಹೋದ ಬಸ್ಸು ಮತ್ತೆ ಬರುತ್ತಿದ್ದುದು ಸಂಜೆಗೆ. ನಡುವೆ ಬೇರೆ ಎಲ್ಲಿಗೂ ಹೋಗುವ ಅನುಕೂಲವಾಗಲಿ ದುಡ್ಡಾಗಲಿ ಇರಲಿಲ್ಲ. ಇಡೀ ದಿನ ಆ ಒಡ್ಡಿನ ಕೆಳಗೆ, ಪಾದ ಮುಳುಗುವಷ್ಟು ನೀರಿನಲ್ಲಿ ನಾನೂ ತಮ್ಮನೂ ಅಪ್ಪನ ಟವೆಲಿನ ಎರಡು ತುದಿ ಹಿಡಿದು ಮೀನು ಹಿಡಿದೆವು. ಹಿಡಿದ ಮೀನನ್ನೆಲ್ಲ ತಮ್ಮ ಬುತ್ತಿಯ ಡಬ್ಬಿಗೆ ತುಂಬಿದ. ಸಂಜೆ ಅಪ್ಪ ನೋಡಿ, "ಇವು ಮೀನಲ್ಲವೋ, ಗೊದಮೊಟ್ಟೆ. ಇನ್ನೊಂದು ವಾರಕ್ಕೆ ಇವಕ್ಕೆ ಕಾಲು ಬರುತ್ತದೆ" ಎಂದರು. ಕಾಲು ಬರುವುದನ್ನು ನೋಡಬೇಕೆಂದು ತಮ್ಮ ಅತ್ತ. ಅಪ್ಪ ಗದರಲಿಲ್ಲ. ಎಲ್ಲವನ್ನೂ ಮತ್ತೆ ನೀರಿಗೆ ಬಿಡಿಸಿ, ಊರಿನ ಕೆರೆಯಲ್ಲಿ ಹುಡುಕಿ ತೋರಿಸುತ್ತೇನೆಂದು ಮಾತು ಕೊಟ್ಟರು, ತೋರಿಸಿದರು ಕೂಡ. ಇಂದಿಗೂ ಮದುವೆ ಮನೆಯಲ್ಲಿ, ತಿಥಿಯಲ್ಲಿ, ನಾಲ್ಕು ಜನ ಸೇರಿದ ಕಡೆಯೆಲ್ಲ ತಮ್ಮ ಈ ಕಥೆ ಹೇಳುತ್ತಾನೆ. ಹೇಳುವಾಗ ಅವನ ಮುಖ ನೋಡಬೇಕು ನೀವು. ಅಪ್ಪ ಹೋದ ಮೇಲಂತೂ ನನಗೆ ಆ ಕಥೆ ಎಷ್ಟು ಸಲ ಕೇಳಿದರೂ ಸಾಲದು.

ಅಂಥ ದಿನವನ್ನು ಪಡೆದವನು ತನ್ನ ಮಗಳಿಗೆ ಅದನ್ನು ಕೊಡಲು ಯಾಕೆ ಹಿಂಜರಿಯುತ್ತಾನೆ? ಕಾರು ಇದೆ, ಅನುಕೂಲವಿದೆ, ಮಗಳ ಮೇಲೆ ಪ್ರಾಣವೇ ಇಟ್ಟುಕೊಂಡಿದ್ದಾನೆ. (ಬಲಮುರಿಯ ನೀರಿಗೆ ಮಕ್ಕಳನ್ನು ಇಳಿಸಿ ಎಂದು ನಾನು ಹೇಳುತ್ತಿಲ್ಲ. ನದಿಯ ಸೆಳೆತ ಯಾವಾಗ ಹೇಗಿರುತ್ತದೆ ಎಂದು ಹೇಳಲಾಗದು, ದಯವಿಟ್ಟು ಎಚ್ಚರ.) ಮಗು ನಿಂತಲ್ಲಿ ತಾನೂ ನಿಲ್ಲುವುದಷ್ಟೇ ಆಗಬೇಕಾದ ಕೆಲಸ.

ಆದ್ದರಿಂದ ತಮ್ಮಾ, ಮುಂದಿನ ಸಲ ಬರುವಾಗ ಪಟ್ಟಿ ತರಬೇಡ. ಮೈಸೂರಿನ ರೈಲು ನಿಲ್ದಾಣದ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, 1979ರಿಂದಲೂ ಇದೆ, ನಿನ್ನ ಪಟ್ಟಿಯಲ್ಲಿ ಒಮ್ಮೆಯೂ ಬಂದಿಲ್ಲ. ಹಳೆಯ ಉಗಿಬಂಡಿಗಳನ್ನು ಹತ್ತಿರದಿಂದ ನೋಡಬಹುದು, ಮಹಾರಾಣಿಯವರ ಸಲೂನ್ ಬೋಗಿ ಇದೆ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಹಳೆಯ ಆಸ್ಟಿನ್ ಕಾರೂ ಇದೆ. ಪುಟ್ಟಿಯನ್ನು ಬೆಳಿಗ್ಗೆಯೇ ಅಲ್ಲಿ ನನ್ನ ಬಳಿ ಬಿಟ್ಟು, ನೀವೆಲ್ಲ ಬೆಟ್ಟಕ್ಕೋ ಅರಮನೆಗೋ ಹೋಗಿ ಬನ್ನಿ. ಕಾರು ಬೇಡವೆಂದರೆ ನಗರ ಬಸ್ ನಿಲ್ದಾಣದಿಂದ ಬೆಟ್ಟಕ್ಕೆ ಬಸ್ಸುಗಳಿವೆ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬರುತ್ತೇನೆ, ಎಲ್ಲರಿಗೂ ಆಗುವಷ್ಟು. ನೀನು ಬೇಗ ಮುಗಿಸಿ ಬಂದರೆ ಒಳಗೆ ಬಂದು ನಮ್ಮ ಜೊತೆ ಕುಳಿತುಕೋ. ಹೊರಗಿನಿಂದ ಹಾರ್ನ್ ಮಾತ್ರ ಹೊಡೆಯಬೇಡ.